ಹೆಬ್ಬಾತುಗಳ ಹಿಂದಿನ ಕಿತ್ತಳೆ ಮುಚ್ಚಳ

ಹನ್ನೊಂದನೆಯ ಕಂತು

"ಇನ್ನೊಂದ್ಸಲ ಹಾಕು," ಎಂದರು ಅಲಮೇಲು.

ರಂಜನಿ ನಿಟ್ಟುಸಿರುಬಿಟ್ಟು ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಹುಲ್ಲುಹಾಸಿನ ಮೇಲೆ ಹನ್ನೆರಡು ಹೆಬ್ಬಾತುಗಳು ಮತ್ತೆ ಸಾಲಾಗಿ ನಡೆದುಬಂದವು. ಹುಲ್ಲು ಕಿತ್ತವು, ಕತ್ತು ಕೊಂಕಿಸಿದವು, ಯಾವ ನಾಚಿಕೆಯೂ ಇಲ್ಲದೆ ಹಿಕ್ಕೆ ಹಾಕಿದವು. ಒಂದು ಹಕ್ಕಿ ದಿನಕ್ಕೆ ಎಷ್ಟು ಹಿಕ್ಕೆ ಹಾಕುತ್ತದೆ, ಅದು ಹಳ್ಳ ಸೇರಿದರೆ ಏನಾಗುತ್ತದೆ ಎಂದು ಅತುಲ್ ಎಂಬ ವಿದ್ಯಾರ್ಥಿಯ ದನಿ ಇಂಗ್ಲಿಷಿನಲ್ಲಿ ಪಾಠ ಒಪ್ಪಿಸುತ್ತಿತ್ತು.

"ಆಂಟಿ, ಇದು ನಾಲ್ಕನೇ ಸಲ. ಈ ವಿಡಿಯೋಗೂ ನಮ್ಮ ಕೇಸ್‌ಗೂ ಸಂಬಂಧನೇ ಇಲ್ಲ."

"ಇಲ್ಲ ಅಂತ ಬಾತು ಬಂದು ಹೇಳ್ತಾ ನಿಂಗೆ?"

ರಂಜನಿ ಮತ್ತೆ ಗುಂಡಿ ಒತ್ತಿದಳು. ಹಳ್ಳದ ಮೂರು ಬಾಟಲಿ ನೀರಿನಲ್ಲಿ ಒಂದರಲ್ಲಿ ಸೀಸ ಸಿಕ್ಕಿತೆಂದು ಅವಳ ವಿದ್ಯಾರ್ಥಿಗಳು ಮಾಡಿದ ವಿಡಿಯೋ ಊರೆಲ್ಲ ಸುತ್ತಿ, ದಂಡೆಯ ಮೇಲಿದ್ದ ಮುರುಗೆಪ್ಪನವರ ಬ್ಯಾಟರಿ ವರ್ಕ್‌ಶಾಪಿಗೆ ಬೀಗ ಬಿದ್ದು ಅಂದಿಗೆ ಒಂಬತ್ತು ದಿನ. ಮಂಗಳವಾರ ಬೆಳಗ್ಗೆ ಹತ್ತಕ್ಕೆ ಟೌನ್‌ಶಿಪ್‌ನವರ, ಎಂದರೆ ಆ ಅಮೆರಿಕನ್ ಊರಿನ ಆಡಳಿತದವರ, ವಿಚಾರಣೆಯಿತ್ತು. ಆ ಸೀಸ ತಮ್ಮದಲ್ಲ ಎಂದು ಅಷ್ಟರೊಳಗೆ ತೋರಿಸದಿದ್ದರೆ, ಇಪ್ಪತ್ತು ವರ್ಷದಿಂದ ನಿವೃತ್ತರ ಕಾಲೋನಿಗಳ ಗಾಲ್ಫ್ ಕಾರ್ಟುಗಳಿಗೆ ಬ್ಯಾಟರಿ ರಿಪೇರಿ ಮಾಡಿಕೊಂಡು ಬಂದ ಮುರುಗೆಪ್ಪನವರ ಲೈಸೆನ್ಸು ಹೋದಂತೆಯೇ ಸರಿ.

ನೀರನ್ನು ಮತ್ತೆ ಪರೀಕ್ಷೆ ಮಾಡಿಸಿದ್ದಾಗಿತ್ತು. ಏನೂ ಸಿಕ್ಕಿರಲಿಲ್ಲ. "ಅಂಗಡಿ ಮುಚ್ಚಿದೆಯಲ್ಲ, ಅದಕ್ಕೇ ಸಿಕ್ಕಿಲ್ಲ," ಎಂದುಬಿಟ್ಟಿದ್ದರು ಟೌನ್‌ಶಿಪ್‌ನವರು. ಅವರ ಮಾತಿನಲ್ಲಿ ತಪ್ಪು ಹುಡುಕುವುದೂ ಕಷ್ಟವಾಗಿತ್ತು.

ಅಲಮೇಲು ಅವರಿಗೆ ಅರವತ್ತೇಳು. ಮೂವತ್ತೊಂದು ವರ್ಷ ಒಂದು ಔಷಧಿ ಕಾರ್ಖಾನೆಯಲ್ಲಿ ಅವರು ಮಾಡಿದ್ದು ಒಂದೇ ಕೆಲಸ: ಮಾತ್ರೆಗಳ ಲಾಟು ಪರೀಕ್ಷೆಯಲ್ಲಿ ಫೇಲಾದರೆ ಯಾಕೆ ಫೇಲಾಯಿತು ಎಂದು ಪತ್ತೆಹಚ್ಚುವುದು. ತಪ್ಪು ಮಾತ್ರೆಯದೋ, ಯಂತ್ರದ್ದೋ, ಪರೀಕ್ಷೆ ಮಾಡಿದವನದೋ? ಹತ್ತರಲ್ಲಿ ನಾಲ್ಕು ಸಲ ಪರೀಕ್ಷೆ ಮಾಡಿದವನದೇ ಆಗಿರುತ್ತಿತ್ತು. ಅವನು ಮಾತ್ರ ಹತ್ತಕ್ಕೆ ಹತ್ತು ಸಲವೂ ಯಂತ್ರದ ಕಡೆ ಬೆರಳು ತೋರಿಸುತ್ತಿದ್ದ. ರಿಟೈರಾಗಿ ಸಮರ್‌ಸೆಟ್‌ನ ಮನೆಯಲ್ಲಿ ಕಾಲು ಚಾಚಿ ಕೂತ ಮೇಲೂ ಹುಡುಕುವ ಚಾಳಿ ಅವರನ್ನು ಬಿಟ್ಟಿರಲಿಲ್ಲ. ಬಿಡಲಿ ಎಂದು ಅವರೇನೂ ಹರಕೆ ಹೊತ್ತಿರಲಿಲ್ಲ.

ರಂಜನಿ ಕೌಂಟಿ ಕಾಲೇಜಿನಲ್ಲಿ ಪರಿಸರ ವಿಜ್ಞಾನ ಕಲಿಸುವವಳು. ಅವಳ ಪದ್ಧತಿಯೇ ಬೇರೆ. ಹುಡುಗರು ಮೂರು ಮೂರು ಜನ ಸೇರಿ ತಮ್ಮ ಸುತ್ತಮುತ್ತಲ ಒಂದು ಸಂಗತಿಯ ಮೇಲೆ ಆರು ನಿಮಿಷದ ವಿಡಿಯೋ ಮಾಡಬೇಕು. ತರಗತಿಯ ಉಳಿದವರಿಗೆ ಆ ವಿಡಿಯೋವೇ ಆ ವಾರದ ಪಾಠ. ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಬೇಕು, ಮಾಡಿದವರು ಎದ್ದು ನಿಂತು ಉತ್ತರ ಹೇಳಬೇಕು. ಜೊತೆಗೆ ಒಂದು ಕಟ್ಟುನಿಟ್ಟು: ಕತ್ತರಿಸಿ ಜೋಡಿಸಿದ ವಿಡಿಯೋದೊಂದಿಗೆ, ಕತ್ತರಿಸುವ ಮೊದಲಿನ ಅಷ್ಟೂ ತುಣುಕುಗಳನ್ನು ಒಪ್ಪಿಸಬೇಕು. "ಅಡುಗೆ ಬಡಿಸಿದ್ರೆ ಸಾಲದು, ತರಕಾರಿ ಸಿಪ್ಪೆನೂ ತೋರಿಸ್ಬೇಕು," ಎನ್ನುತ್ತಿದ್ದಳು ಅವಳು.

ಆ ವರ್ಷ ಹದಿನಾಲ್ಕು ತಂಡಗಳು. ಮುರುಗೆಪ್ಪನವರು ಕೇಳಿಕೊಂಡ ಮೇಲೆ ಅಲಮೇಲು ಮೂರು ದಿನ ಕೂತು ಹದಿನಾಲ್ಕನ್ನೂ ನೋಡಿದ್ದರು. ರಸ್ತೆಗೆ ಸುರಿಯುವ ಉಪ್ಪು, ಮಳೆನೀರಿನ ಚರಂಡಿ, ಮರಗಳನ್ನು ಒಣಗಿಸುವ ಚುಕ್ಕೆ ಹುಳು. ಕ್ಯಾಮೆರಾ ಅಲುಗಾಡುತ್ತಿತ್ತು, ಗಾಳಿ ಬೀಸಿ ಮಾತೇ ಕೇಳುತ್ತಿರಲಿಲ್ಲ. ಆದರೂ ಅವರಿಗೆ ಖುಷಿಯಾಗಿತ್ತು. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಕೆಸರಲ್ಲಿ ಕಾಲಿಟ್ಟು, "ಇದು ಯಾಕೆ ಹೀಗೆ ಅಂತ ನಮಗೆ ಗೊತ್ತಾಗ್ಲಿಲ್ಲ," ಎಂದು ಕ್ಯಾಮೆರಾಕ್ಕೆ ಹೇಳುವುದನ್ನು ಕಂಡಾಗ, ತಮ್ಮ ಕಾರ್ಖಾನೆಯ ಡಾಕ್ಟರೇಟುಗಳ ಬಾಯಲ್ಲಿ ಆ ಮಾತನ್ನು ಒಂದು ಸಲವೂ ಕೇಳಲಿಲ್ಲವಲ್ಲ ಎನಿಸಿತ್ತು.

ತೊಂದರೆ ಇದ್ದದ್ದು ಹಳ್ಳದ ತಂಡದಲ್ಲಿ. ಅವರು ಒಪ್ಪಿಸಿದ ತುಣುಕುಗಳಲ್ಲಿ ೧೪೧ ಆದ ಮೇಲೆ ೧೪೩ ಬರುತ್ತಿತ್ತು. ೧೪೨ ಇರಲೇ ಇಲ್ಲ. ವರ್ಕ್‌ಶಾಪಿನ ಪಕ್ಕದಲ್ಲಿ ನೀರು ತುಂಬಿಕೊಂಡ ಹೊತ್ತಿನ ತುಣುಕು ಅದೇ ಆಗಿರಬೇಕು. ಸೀಸ ಸಿಕ್ಕಿದ್ದೂ ಆ ಬಾಟಲಿಯಲ್ಲಿಯೇ.

"ನಿಲ್ಸು! ಅಲ್ಲೇ ನಿಲ್ಸು!"

ರಂಜನಿ ನಿಲ್ಲಿಸಿದಳು. ಅತುಲ್‌ನ ಹೆಬ್ಬಾತುಗಳ ಹನ್ನೊಂದು ನಿಮಿಷದ ಹಸಿ ತುಣುಕು ಅದು. ತರಗತಿಗೆ ತೋರಿಸಿದ್ದು ಅದರಲ್ಲಿ ನಲವತ್ತೇ ಸೆಕೆಂಡು. ಏಳನೆಯ ನಿಮಿಷದಲ್ಲಿ ದಪ್ಪನೆಯ ಹಕ್ಕಿಯೊಂದು ಪಕ್ಕಕ್ಕೆ ಸರಿದಿತ್ತು. ಅದು ಬಿಟ್ಟ ಜಾಗದಲ್ಲಿ, ಹಳ್ಳದ ಆಚೆ ದಂಡೆ ಕಾಣುತ್ತಿತ್ತು.

"ಆ ದಂಡೆ ಮೇಲಿರೋದು ಯಾರು?"

ರಂಜನಿ ಕನ್ನಡಕ ಮೇಲೆತ್ತಿ ಪರದೆಗೆ ಮೂಗು ತಾಗಿಸಿದಳು. "ಅಯ್ಯೋ! ಹಳ್ಳದ ಟೀಮಿನ ಶ್ರಿಯಾ! ಫೋನ್ ಹಿಡ್ಕೊಂಡಿರೋದು ಕಿಯಾರಾ. ಒಂದೇ ಶನಿವಾರ ಎರಡು ಟೀಮೂ ಶೂಟ್ ಮಾಡಿದಾರೆ!"

"ಈಗ ನಿಧಾನಕ್ಕೆ ಬಿಡು."

ಪರದೆಯ ಮೇಲೆ ಬೆರಳುದ್ದ ಕಾಣುತ್ತಿದ್ದ ಶ್ರಿಯಾ ನೀರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. ಕೈಯಲ್ಲಿ ಬಿಳಿ ಮುಚ್ಚಳದ ಬಾಟಲಿ, ಕಾಲೇಜಿನ ಲ್ಯಾಬಿನಲ್ಲಿ ತೊಳೆದು ಸೀಲು ಮಾಡಿ ಕೊಟ್ಟದ್ದು. ಅದು ಕೈಜಾರಿತು. ತೇಲಿ ಹೋಯಿತು. ಶ್ರಿಯಾ ಎರಡು ಹೆಜ್ಜೆ ಓಡಿ, ತಲೆಯ ಮೇಲೆ ಕೈಹೊತ್ತು ನಿಂತಳು. ಆಮೇಲೆ ಕಾರಿನ ಕಡೆ ಹೋದಳು. ಮರಳಿ ಬಂದಾಗ ಅವಳ ಕೈಯಲ್ಲಿ ಒಂದು ಗಿಡ್ಡ ಗಾಜಿನ ಜಾಡಿಯಿತ್ತು.

ಅದರ ಮುಚ್ಚಳ ಕಿತ್ತಳೆ ಬಣ್ಣದ್ದು.

* * *

ತಂಡದ ಇನ್ನಿಬ್ಬರನ್ನು ರಂಜನಿ ಆಗಲೇ ಕರೆಸಿದಳು. ವಿಡಿಯೋ ಕತ್ತರಿಸಿ ಜೋಡಿಸಿದವನು ಜಯ್. ಅಲಮೇಲು ಅಲ್ಲಿಯವರೆಗೂ ಅನುಮಾನ ಪಟ್ಟಿದ್ದು ಅವನ ಮೇಲೆಯೇ. ಮುರುಗೆಪ್ಪನವರ ಬೋರ್ಡನ್ನು ನಾಲ್ಕು ಸೆಕೆಂಡು ತೋರಿಸಿ, ಹಿಂದೆ ದುಗುಡದ ಸಂಗೀತ ಹಾಕಿದ ಮಹಾಶಯ ಅವನು.

"ನಂಗೆ ಬಂದಾಗ್ಲೇ ೧೪೨ ಇರ್ಲಿಲ್ಲ ಆಂಟಿ. ಸ್ವೇರ್. ನೋ ಐಡಿಯಾ."

"ಮತ್ತೆ ಆ ಮ್ಯೂಸಿಕ್?"

ಜಯ್ ಕೆಂಪಾದ. "ಅದು ನಾನೇ ಹಾಕಿದ್ದು. ಐ ಥಾಟ್ ಇಟ್ ವಾಸ್ ಕೂಲ್."

ಕಿಯಾರಾ ಉಗುರು ಕಚ್ಚುತ್ತ ಕೂತಿದ್ದಳು. ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿದಾಗ ಅವಳ ಕೈ ಬಾಯಿಂದ ಕೆಳಗಿಳಿಯಿತು.

"ಇದನ್ನ ನೀನು ಶೂಟ್ ಮಾಡ್ತಿದ್ದೆ ಅಲ್ವಾ?" ಎಂದರು ಅಲಮೇಲು.

"ಎಸ್." ಅವಳೆಂದಳು, "ಶ್ರಿಯಾ ಆಮೇಲೆ ನನ್ನ ಫೋನ್ ಕೇಳಿದ್ಲು. ಜಸ್ಟ್ ಫಾರ್ ಎ ಮಿನಿಟ್. ನಾನ್ ಏನೂ ಕೇಳ್ಲಿಲ್ಲ."

ಕೇಳಬೇಕಾಗಿತ್ತು ಎಂದು ಯಾರೂ ಅವಳಿಗೆ ಹೇಳಲಿಲ್ಲ. ಅದು ಅವಳಿಗೇ ಗೊತ್ತಿತ್ತು.

* * *

ಆ ದಿನವೇ, ಭಾನುವಾರ ಮಧ್ಯಾಹ್ನ, ಓಲ್ಡ್ ಬ್ರಿಡ್ಜ್ ಎಂಬ ಊರಿನ ಶ್ರಿಯಾಳ ಮನೆಯಲ್ಲಿ ಕಾಫಿಯ ಘಮ ಬಾಗಿಲಿಗೇ ಬಂದು ಸ್ವಾಗತಿಸಿತು. ಶ್ರಿಯಾಳ ತಾಯಿ ಅನು, ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಅಲಮೇಲು ಅವರನ್ನು ಕನ್ನಡ ಕೂಟದಲ್ಲಿ ಹತ್ತು ವರ್ಷದಿಂದ ಬಲ್ಲವಳು. ಅವರೇ ಮನೆಗೆ ಬಂದರೆಂದು ಹಿಗ್ಗಿ ಕೋಡುಬಳೆ ಡಬ್ಬಿ ತೆಗೆದಿದ್ದಳು.

ಶ್ರಿಯಾ ಮೆಟ್ಟಿಲಿಳಿದು ಬಂದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ರಂಜನಿಯ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಪ್ರಶ್ನೆ ಕೇಳುವ ಹುಡುಗಿ ಇವಳೇ ಎಂದು ಅಲಮೇಲು ಕೇಳಿದ್ದರು. ಅವರ ಕೆಲಸ ಹಗುರವಾಗುವಂಥ ಸಂಗತಿಯಲ್ಲ ಅದು.

ಅವರು ಚೀಲದಿಂದ ಬಿಳಿ ಮುಚ್ಚಳದ ಖಾಲಿ ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಇಂಥವು ನಿಮಗೆ ಎಷ್ಟು ಕೊಟ್ಟಿದ್ರು?"

"ಮೂರು."

"ಮೂರನ್ನೂ ವಾಪಸ್ ಕೊಟ್ರಾ?"

"ಕೊಟ್ವಿ. ಫುಲ್."

"ಹಾಗಾದ್ರೆ ಹಳ್ಳದಲ್ಲಿ ತೇಲ್ಕೊಂಡು ಹೋಗಿದ್ದು ಯಾವುದಮ್ಮ?"

ಅನು ಕಾಫಿ ಲೋಟ ಹಿಡಿದು ನಿಂತಲ್ಲೇ ನಿಂತಳು.

"ಆಂಟಿ, ಏನಿದು? ನನ್ನ ಮಗಳು ಸುಳ್ಳು ಹೇಳೋಳಲ್ಲ. ಅವಳನ್ನ ನಾನು ಹಾಗೆ ಬೆಳೆಸಿಲ್ಲ."

"ಗೊತ್ತು ಅನು. ಅದಕ್ಕೇ ಅವಳನ್ನೇ ಕೇಳ್ತಿದೀನಿ. ಸುಳ್ಳು ಹೇಳೋರಾಗಿದ್ರೆ ಕೇಳಿ ಪ್ರಯೋಜನ ಇರ್ತಿರ್ಲಿಲ್ಲ."

ಶ್ರಿಯಾ ಬಾಟಲಿಯನ್ನೇ ನೋಡುತ್ತಿದ್ದಳು. ಮಾತು ಇಂಗ್ಲಿಷಿನಲ್ಲಿ ಶುರುವಾಗಿ, ಅಳು ಬಂದಂತೆ ಕನ್ನಡಕ್ಕೆ ಇಳಿಯಿತು.

"ಇಟ್ ಸ್ಲಿಪ್ಡ್, ಆಂಟಿ. ಒಂದು ಸ್ಯಾಂಪಲ್ ಕಮ್ಮಿ ಆದ್ರೆ ಪ್ರಾಜೆಕ್ಟೇ ಇಲ್ಲ. ಮೂರು ಜನಕ್ಕೂ ಝೀರೋ. ಕಾರಲ್ಲಿ ಅಮ್ಮ ಲಂಚ್ ಕಳಿಸಿದ್ದ ಜಾರ್ ಇತ್ತು. ಹಳ್ಳದ ನೀರಲ್ಲೇ ಮೂರು ಸಲ ತೊಳ್ದೆ. ಗ್ಲಾಸ್ ಈಸ್ ಗ್ಲಾಸ್ ಅನ್ಕೊಂಡೆ. ಕಾಲೇಜಿಗೆ ಹೋಗಿ ಲ್ಯಾಬಿನ ಇನ್ನೊಂದು ಬಾಟಲ್‌ಗೆ ಸುರಿದೆ. ಜಯ್‌ಗೆ ಕೊಡೋ ಮುಂಚೆ ಆ ಕ್ಲಿಪ್ ಡಿಲೀಟ್ ಮಾಡ್ದೆ, ಅಷ್ಟೇ."

"ಆಮೇಲೆ ಲೆಡ್ ಸಿಕ್ತು."

"ಸಿಕ್ಕಾಗ ನಿಜ ಅಂತಲೇ ಅನ್ಕೊಂಡೆ! ಪಕ್ಕದಲ್ಲೇ ಬ್ಯಾಟರಿ ಶಾಪ್. ಎಲ್ಲರೂ ಆಫ್ ಕೋರ್ಸ್ ಅಂದ್ರು. ನಾನೂ ಆಫ್ ಕೋರ್ಸ್ ಅಂದೆ." ಅವಳು ತೋಳಿನಿಂದ ಮೂಗು ಒರೆಸಿಕೊಂಡಳು. "ಶಾಪ್‌ಗೆ ನೋಟಿಸ್ ಹಾಕಿದ್ರು ಅಂತ ಗೊತ್ತಾದ ಮೇಲೆ ಭಯ ಆಯ್ತು. ಆದ್ರೆ ಹೇಳಕ್ಕೆ ಧೈರ್ಯ ಬರ್ಲಿಲ್ಲ. ಮುರುಗೆಪ್ಪ ಅಂಕಲ್ ನನ್ನ ಚಿಕ್ಕೋಳಿದ್ದಾಗಿಂದ ಕಂಡೋರು. ಈಗ ನಾನು ಕಾಲೇಜಿಗೆ ಬೇರೆ ರೋಡಲ್ಲಿ ಡ್ರೈವ್ ಮಾಡ್ತೀನಿ. ಆ ಬೀಗ ನೋಡಕ್ಕಾಗಲ್ಲ ನನ್ಕೈಲಿ."

ಅನು ಲೋಟವನ್ನು ಕೆಳಗಿಟ್ಟು ಮಗಳ ಪಕ್ಕ ಕುಸಿದು ಕೂತಳು. ಬೈಯಬೇಕೆಂದು ಬಾಯಿ ತೆರೆದವಳು ಅವಳ ತಲೆ ನೇವರಿಸಿದಳು.

ಅಲಮೇಲು ಅವರಿಗೆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಇಂಥದ್ದೇ ತಪ್ಪನ್ನು ಇವಳ ಮೂರರಷ್ಟು ವಯಸ್ಸಿನವರು ಮಾಡಿ, ದಕ್ಕಿಸಿಕೊಂಡು, ಬಡ್ತಿ ಪಡೆದದ್ದನ್ನು ಅವರು ಕಂಡಿದ್ದರು. ಇವಳು ಒಂಬತ್ತು ದಿನಕ್ಕೇ ಸೊರಗಿ ಹೋಗಿದ್ದಾಳೆ. ಅದೇ ದೊಡ್ಡದು ಎನಿಸಿ ಅವರ ಎದೆ ತುಂಬಿ ಬಂತು.

"ಆ ಜಾಡಿ ಎಸೆದುಬಿಟ್ಟಿರ್ತೀರೇನೋ?"

ಅನು ಕಣ್ಣೀರಿನ ನಡುವೆಯೂ ತಲೆಯೆತ್ತಿ ನೋಡಿದಳು. ಅವಮಾನವಾದಂತಿತ್ತು.

"ಜಾಡಿ ಯಾರಾದ್ರೂ ಎಸೀತಾರಾ ಆಂಟಿ?"

ಅವಳು ಎದ್ದು ಸಿಂಕಿನ ಪಕ್ಕದ ಕಪಾಟು ತೆರೆದಳು. ಸಾಲ್ಸಾ ಮುಗಿದ ಬಾಟಲಿ, ಜೇನಿನ ಬಾಟಲಿ, ಕಾಫಿಪುಡಿಯ ಡಬ್ಬಿ, ಒಂದರೊಳಗೊಂದು ಕೂತ ಮೊಸರಿನ ಪ್ಲಾಸ್ಟಿಕ್ ಡಬ್ಬಿಗಳು. ಜೋಡಿ ಕಳೆದುಕೊಂಡ ಮುಚ್ಚಳಗಳ ಒಂದು ಸಂಸಾರ. ಅಮೆರಿಕಕ್ಕೆ ಬಂದು ಇಪ್ಪತ್ತೈದು ವರ್ಷವಾದರೂ ಈ ಕಪಾಟಿಗೆ ಮಾತ್ರ ಇನ್ನೂ ವೀಸಾ ಸಿಕ್ಕಿಲ್ಲ ಎಂದು ಅಲಮೇಲು ಮನಸ್ಸಿನಲ್ಲೇ ನಕ್ಕರು. ಅವರ ಮನೆಯಲ್ಲಿ ಇಂಥವು ಎರಡಿದ್ದವು.

ಕಿತ್ತಳೆ ಮುಚ್ಚಳದ ಜಾಡಿ ಮುಂದಿನ ಸಾಲಿನಲ್ಲೇ ಇತ್ತು. ಅದರೊಳಗೆ ಆಗ ಮೆಂತ್ಯ.

ಅಲಮೇಲು ಮೆಂತ್ಯವನ್ನು ತಟ್ಟೆಗೆ ಸುರಿದು, ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಳಗಿನ ತಿರುಪಿನ ಸುತ್ತುಗಳಲ್ಲಿ ಹಳದಿ ಕೂತಿತ್ತು. ಉಗುರಿನಿಂದ ಕೆರೆದರೆ ಚೂರೇ ಚೂರು ಪುಡಿ ಉದುರಿತು.

"ಅವತ್ತು ಅವಲಕ್ಕಿ ಹಾಕಿ ಕಳಿಸಿದ್ದೆ," ಎಂದಳು ಅನು. "ಅದಕ್ಕೆ ಮುಂಚೆ ಅದ್ರಲ್ಲಿ ಅರಿಶಿನ ಇತ್ತು. ಸ್ಟೀಲ್ ಡಬ್ಬಿಗೆ ಸುರ್ಕೊಂಡು, ಜಾಡಿ ಡಿಶ್‌ವಾಷರ್‌ಗೆ ಹಾಕಿದ್ದೆ. ಕಲೆ ಹೋಗಲ್ಲ ನೋಡಿ."

"ಆ ಅರಿಶಿನ ಎರಡು ಚಮಚ ಕಟ್ಟಿಕೊಡು."

"ನಿಮ್ಮನೇಲಿ ಮುಗಿದಿದೆಯಾ ಆಂಟಿ?"

"ಇಲ್ಲ. ನಾನು ಹೇಳೋವರೆಗೂ ನೀನು ಆ ಡಬ್ಬಿ ಮುಟ್ಟಬೇಡ. ಸಾರಿಗೂ ಹಾಕ್ಬೇಡ, ದೇವರಿಗೂ ಬೇಡ."

ಅನು ಏನೋ ಕೇಳಹೋಗಿ, ಅವರ ಮುಖ ನೋಡಿ ಸ್ಟೀಲ್ ಡಬ್ಬಿ ತೆಗೆದಳು. ಅಲಮೇಲು ಅವರೂ ಹೆಚ್ಚಿಗೆ ಏನನ್ನೂ ಕೇಳಲಿಲ್ಲ. ಪರೀಕ್ಷೆಯ ಫಲ ಬರುವ ಮೊದಲೇ ಪ್ರಶ್ನೆ ಕೇಳಿದರೆ ಜನ ಉತ್ತರವನ್ನು ತಿದ್ದಿ ಕೊಡುತ್ತಾರೆ ಎಂಬುದು ಕಾರ್ಖಾನೆ ಅವರಿಗೆ ಕಲಿಸಿದ್ದ ಪಾಠ.

ಹೊರಡುವಾಗ ಶ್ರಿಯಾ ಬಾಗಿಲವರೆಗೆ ಬಂದಳು.

"ಆಂಟಿ, ನಾನು ಇನ್ನೊಂದು ವಿಡಿಯೋ ಮಾಡ್ತೀನಿ. ಏನ್ ತಪ್ಪು ಮಾಡ್ದೆ ಅಂತ. ಜಾರ್ ತೋರಿಸಿ, ಟೆಸ್ಟ್ ತೋರಿಸಿ, ಎಲ್ಲಾ. ಕ್ಲಾಸಿಗೂ ತೋರಿಸ್ತೀನಿ, ಮಂಗಳವಾರ ಅಂಕಲ್ ಹಿಯರಿಂಗ್‌ನಲ್ಲೂ ತೋರಿಸ್ತೀನಿ."

"ಮ್ಯೂಸಿಕ್ ಬೇಡ," ಎಂದರು ಅಲಮೇಲು.

ಹುಡುಗಿ ಒಂಬತ್ತು ದಿನದಲ್ಲಿ ಮೊದಲ ಸಲ ನಕ್ಕಳು.

* * *

ಸೋಮವಾರ ಹನ್ನೊಂದು ಗಂಟೆಗೆ ಕಾಲೇಜಿನ ಲ್ಯಾಬಿನಲ್ಲಿ ಮೂವರೇ ಇದ್ದರು. ಶ್ರಿಯಾ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಫೋನು ನಿಲ್ಲಿಸಿ, ರೆಕಾರ್ಡು ಒತ್ತಿ, ಕೈಗವಸು ಹಾಕಿಕೊಂಡು ಕ್ಯಾಮೆರಾ ಮುಂದೆ ನಿಂತಳು.

"ನನ್ನ ಹೆಸರು ಶ್ರಿಯಾ. ಹಳ್ಳದ ನೀರಿನ ಪಾಠದಲ್ಲಿ ನಾನು ನಿಮಗೆ ತಪ್ಪು ಹೇಳಿಕೊಟ್ಟೆ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು.

ರಂಜನಿಯ ಕೈಯಲ್ಲಿ ಮಣ್ಣಿನಲ್ಲಿರುವ ಲೋಹ ಪತ್ತೆಮಾಡುವ, ಪಿಸ್ತೂಲಿನಂಥ ಯಂತ್ರವಿತ್ತು. ಅದರ ಮೂತಿಯನ್ನು ಮುಚ್ಚಳದ ಸುತ್ತುಗಳಿಗೆ ತಾಗಿಸಿ ಅರ್ಧ ನಿಮಿಷ ಹಿಡಿದಳು. ಪುಟ್ಟ ಪರದೆಯಲ್ಲಿ ಅಂಕಿಗಳು ಓಡಿ ನಿಂತವು.

"ಲೆಡ್! ಇದೆ ಆಂಟಿ! ಮುಚ್ಚಳದಲ್ಲೇ ಇದೆ!" ರಂಜನಿ ಚಿಕ್ಕ ಹುಡುಗಿಯ ಹಾಗೆ ಕುಣಿದಳು. "ಹಳ್ಳ ಕ್ಲೀನ್! ಮುರುಗೆಪ್ಪನವರು ಬಚಾವ್!"

"ಅರಿಶಿನಕ್ಕೂ ಹಿಡಿ."

ಅನು ಕಟ್ಟಿಕೊಟ್ಟಿದ್ದ ಪೊಟ್ಟಣವನ್ನು ತೆಳುವಾದ ಪ್ಲಾಸ್ಟಿಕ್ಕಿನಲ್ಲಿ ಹರಡಿ ಯಂತ್ರ ತಾಗಿ‌ಸಿದಳು ರಂಜನಿ. ಈ ಸಲ ಅಂಕಿಗಳು ನಿಂತ ಮೇಲೆ ಅವಳು ಕುಣಿಯಲಿಲ್ಲ. ಯಂತ್ರ ಕೆಟ್ಟಿತೇ ಎಂದು ಇನ್ನೊಂದು ಸಲ ಹಿಡಿದಳು. ಅದೇ ಅಂಕಿ ಬಂತು.

"ಇದು ಅಡುಗೆಗೆ ಹಾಕೋದಾ?" ಎಂದು ಮೆಲ್ಲಗೆ ಕೇಳಿದಳು.

ಶ್ರಿಯಾ ಕ್ಯಾಮೆರಾ ಬಿಟ್ಟು ಯಂತ್ರದ ಪರದೆಗೆ ಬಗ್ಗಿದಳು. ಅಲಮೇಲು ಆಗಲೇ ಅನುಗೆ ಫೋನು ಮಾಡುತ್ತಿದ್ದರು. ಕೈಗವಸು ತೆಗೆಯುವಷ್ಟು ವ್ಯವಧಾನವಿಲ್ಲದೆ ಸ್ಪೀಕರಿಗೆ ಹಾಕಿದರು.

"ಅನು, ಆ ಅರಿಶಿನ ಯಾವ ಅಂಗಡೀದು? ಐಸೆಲಿನ್‌ನ ಇಂಡಿಯನ್ ಅಂಗಡೀಲಿ ತಗೊಂಡ್ಯಾ?"

"ಅಂಗಡೀದಲ್ಲ ಆಂಟಿ." ಅನು ತಡವರಿಸಿದಳು. "ಹೇಳಕ್ಕೇ ಸಂಕೋಚ ಆಗುತ್ತೆ. ಅವರ ಮನೇದು ತಿಂದು ಅವರಿಗೇ ಹೀಗೆ ಮಾಡಿದ್ವಲ್ಲ ಅಂತ. ಮುರುಗೆಪ್ಪನವರ ಸೊಸೆ ಅಕ್ಷಯಾದು ಕುಬುಸ, ಅದೇ ಸೀಮಂತ, ಆಯ್ತಲ್ಲ ಫೆಬ್ರವರೀಲಿ, ಆವತ್ತು ಬಂದ ಹೆಂಗಸ್ರಿಗೆಲ್ಲ ಖಣದ ಜೊತೆ ಕೊಟ್ಟಿದ್ದು. ಒಂದೇ ಥರದ ನಲವತ್ತು ಜಾಡಿ. ಎಲ್ಲಾ ಕಿತ್ತಳೆ ಮುಚ್ಚಳ."

ಅಲಮೇಲು ಕುರ್ಚಿ ಎಳೆದುಕೊಂಡು ಕೂತರು. ನಲವತ್ತು ಮನೆ. ಹಳ್ಳದಿಂದ ಹೊರಟ ದಾರಿ ಸುತ್ತಿ ಬಳಸಿ ಬಂದು ನಿಂತದ್ದು, ತಾವು ಉಳಿಸಹೊರಟ ಮನುಷ್ಯನ ಮನೆಯ ಬಾಗಿಲಿಗೇ.

"ಮುರುಗೆಪ್ಪನವರಿಗೆ ಫೋನ್ ಮಾಡ್ತೀರಾ ಆಂಟಿ?" ರಂಜನಿಯ ದನಿ ಸಣ್ಣದಾಗಿತ್ತು.

"ಮಾಡದೆ?"

ಮುರುಗೆಪ್ಪನವರು ಮೊದಲ ರಿಂಗಿಗೇ ಎತ್ತಿಕೊಂಡರು.

"ನಮಸ್ಕಾರ್ರೀ ಮೇಡಂ! ನಿಮ್ಮ ಫೋನಿನ ದಾರೀನ ಕಾಯಾಕತ್ತಿದ್ದೆ ನೋಡ್ರಿ. ಏನರ ಸಿಕ್ತೇನ್ರಿ?"

"ಸಿಕ್ತು ಮುರುಗೆಪ್ಪನವರೇ. ಹಳ್ಳದಲ್ಲಿ ಸೀಸ ಇಲ್ಲ. ನೀರು ತುಂಬಿದ ಜಾಡಿಯಲ್ಲಿತ್ತು."

"ಹೌದ್ರೀ? ನಾ ಹೇಳಿದ್ನೆಲ್ರಿ! ಒಂದು ಹನಿ ಆ್ಯಸಿಡ್ ಸೈತ ಹೊರಗ ಬಿಟ್ಟಾಂವಲ್ಲ ನಾನು! ನಿಮ್ಮ ಉಪಕಾರ ಮರೆಯಂಗಿಲ್ರಿ. ಆ ಹುಡುಗೀಗೂ ಏನೂ ಅನಬ್ಯಾಡ್ರಿ ಮತ್ತ. ಸಣ್ಣಾಕಿ. ನಮ್ಮ ಅನೂನ ಮಗಳಲ್ಲೇನು ಅಕಿ?"

ಶ್ರಿಯಾ ಕಣ್ಣುಮುಚ್ಚಿಕೊಂಡಳು. ಅಲಮೇಲು ಅವರಿಗೆ ಮುಂದಿನ ಪ್ರಶ್ನೆಯನ್ನು ನುಂಗಿಬಿಡೋಣ ಎನಿಸಿತು. ಇಷ್ಟಕ್ಕೇ ನಿಲ್ಲಿಸಿದರೆ ನಾಳೆ ಹತ್ತು ಗಂಟೆಗೆ ಈ ಮನುಷ್ಯನ ಅಂಗಡಿಯ ಬೀಗ ತೆರೆಯುತ್ತಿತ್ತು.

"ಮುರುಗೆಪ್ಪನವರೇ, ಕುಬುಸದ ದಿನ ಹಂಚಿದಿರಲ್ಲ, ಆ ಅರಿಶಿನ ಎಲ್ಲಿ ತಗೊಂಡ್ರಿ?"

"ತಗೊಳ್ಳೂದೇನ್ರಿ? ನಮ್ಮ ಅಕ್ಕ ಊರಿಂದ ಕೊಂಬು ಕಳಿಸಿದ್ಲು. ಹೊಲದಾಗ ಬೆಳೆದದ್ದು. ನನ್ನ ತಮ್ಮ ಬರೂ ಮುಂದ ಸೂಟ್‌ಕೇಸಿನ್ಯಾಗ ತಂದ, ಎಂಟು ಕೇಜಿ."

"ಕೊಂಬಾ? ಪುಡಿ ಅಲ್ವಾ?"

"ಅಲ್ರಿ. ಮನ್ಯಾಗ ಬೀಸಿದ್ರನ ಅದಕ್ಕೊಂದು ಬೆಲಿ. ಆದ್ರ ಕೊಂಬು ಅಂದ್ರ ಕಲ್ಲಿದ್ದಂಗ ನೋಡ್ರಿ. ಮಿಕ್ಸಿ ಬ್ಲೇಡು ಮುರೀತು. ನಮ್ಮಾಕಿ ಕೈ ಚೆಲ್ಲಿ ಕುಂತಳು, ಕುಬುಸ ಎರಡು ದಿನ ಐತಿ, ಏನ್ ಮಾಡೂದು ಅಂತ. ಆಗ ನಾನ ಅಂದೆ, ಅಂಗಡ್ಯಾಗ ಮಷೀನ್ ಐತಲ್ಲ."

ಅಲಮೇಲು ಕುರ್ಚಿಯಿಂದ ಎದ್ದು ನಿಂತರು.

"ಯಾವ ಮಷೀನು?"

"ಹಳೇ ಬ್ಯಾಟರಿ ಡಬ್ಬಿ ಪುಡಿ ಮಾಡೂದ್ರಿ. ಚಲೋತ್ನಂಗ ಸೋಪು ಹಚ್ಚಿ, ಬಿಸಿನೀರು ಹಾಕಿ ಮೂರು ಸಲ ತೊಳದು, ಒಣಗಿಸಿ, ಆಮ್ಯಾಲ ಬೀಸಿದೆ. ಏನ್ ನುಣ್ಣಗ ಬಂತಂತೀರಿ! ಮುಖಕ್ಕ ಹಚ್ಚೂ ಪೌಡರ್ ಇದ್ದಂಗ. ಎಲ್ಲಾರೂ ಕೇಳಿದ್ರು, ಎಲ್ಲಿ ಬೀಸಿಸಿದ್ರಿ ಅಂತ. ನಾ ಹೇಳಲಿಲ್ಲ ನೋಡ್ರಿ," ಎಂದು ಮುರುಗೆಪ್ಪನವರು ಹೆಮ್ಮೆಯಿಂದ ನಕ್ಕರು.

ಸ್ಟ್ಯಾಂಡಿನ ಮೇಲಿನ ಫೋನಿನಲ್ಲಿ ಕೆಂಪು ಚುಕ್ಕೆ ಇನ್ನೂ ಉರಿಯುತ್ತಿತ್ತು. ಅದನ್ನು ನಿಲ್ಲಿಸಬೇಕೆಂಬುದು ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಅದು ಇನ್ನೂ ಇದೆಯಾ ನಿಮ್ಮನೇಲಿ?" ಅಲಮೇಲು ಕೇಳಿದರು.

"ಒಂದು ಡಬ್ಬಿ ತುಂಬ ಐತ್ರಿ. ಬಾಣಂತನಕ್ಕಂತ ತೆಗೆದಿಟ್ಟದ್ದು. ಮೊಮ್ಮಗ ಹುಟ್ಟಿ ಇವತ್ತಿಗೆ ಇಪ್ಪತ್ತಾರು ದಿನ. ಕೂಸಿಗೆ ಎಣ್ಣಿ ಹಚ್ಚೂ ಮುಂದ ಒಂದು ಚಿಟಿಕಿ, ಅಕ್ಷಯಾಗ ಹಾಲಿನ್ಯಾಗ ದಿನಾ ಎರಡು ಸಲ. ಈಗೂ ಇಲ್ಲೇ ಕುಂತು ಕುಡ್ಯಾಕತ್ತಾಳ. ಯಾಕ್ರಿ ಮೇಡಂ? ನಾಳೆ ಅವರ ಮುಂದ ಈ ಅರಿಶಿನದ ಸುದ್ದೀನೂ ಹೇಳಬೇಕೇನ್ರಿ?"

ಅಲಮೇಲು ಫೋನನ್ನು ಬಾಯಿಯ ಹತ್ತಿರ ತಂದರು.

"ಮುರುಗೆಪ್ಪನವರೇ," ಎಂದರು ಅವರು, "ಮೊದಲು ಎದ್ದು ಹೋಗಿ ಅಕ್ಷಯಾ ಕೈಯಿಂದ ಆ ಲೋಟ ಇಸ್ಕೊಳ್ಳಿ."